ಹಿಡಿಕೆಯ ಮೇಲಿನ ಟಾವೆಲು

ಬಲಗೈ ಇಲ್ಲದವನಿಗೆ ಜನ ಎರಡು ಪ್ರಶ್ನೆ ಕೇಳುತ್ತಾರೆ. ಹೇಗೆ ಹೋಯಿತು ಎಂಬುದು ಮೊದಲನೆಯದು. ಊಟ ಹೇಗೆ ಮಾಡುತ್ತೀರಿ ಎಂಬುದು ಎರಡನೆಯದು. ಎಷ್ಟು ಹೆದರಿದ್ದಿರಿ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಈಗ ನನಗೆ ವಯಸ್ಸಾಗಿದೆ, ಮುಲಾಜು ಕಡಿಮೆಯಾಗಿದೆ. ಹಾಗಾಗಿ ಕೇಳದಿದ್ದರೂ ಹೇಳುತ್ತೇನೆ. ಯಾವುದಾದರೂ ದವಾಖಾನೆಯಲ್ಲಿ ಬ್ಯಾಂಡೇಜು ಸುತ್ತಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು, ಇನ್ನು ನನ್ನ ಗತಿಯೇನು ಎಂದು ಛಾವಣಿ ನೋಡುತ್ತ ಬಿದ್ದವನಿಗೆ ಇದು ಸಿಕ್ಕರೆ ಓದಲಿ. ಓದಿದರೆ ಧೈರ್ಯ ಬರುತ್ತದೆಂದು ಮಾತು ಕೊಡುವುದಿಲ್ಲ. ಹಾಗೆ ಬಿದ್ದವನು ತಾನೊಬ್ಬನೇ ಅಲ್ಲ ಎಂದು ಗೊತ್ತಾದರೆ ಸಾಕು.

ಅದು ಎಪ್ಪತ್ತರ ದಶಕ, ವಿಜಯಪುರವನ್ನು ಎಲ್ಲರೂ ಬಿಜಾಪುರ ಎನ್ನುತ್ತಿದ್ದ ಕಾಲ. ಊರ ಹೊರಗಿನ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ನಾನು ವಾಯರ್‌ಮನ್. ಹತ್ತಿಯಿಂದ ಕಾಳು ಬಿಡಿಸುವ ಯಂತ್ರಗಳ ಸಾಲು, ಆ ಸಾಲನ್ನೆಲ್ಲ ಪಟ್ಟಾದ ಮೂಲಕ ಎಳೆಯುವ ಒಂದು ದೊಡ್ಡ ಮೋಟರು, ಆ ಮೋಟರಿನ ಒಳಗು ಹೊರಗು ಬಲ್ಲವನು ನಾನು. ಸ್ವಂತ ಊರು ಬಬಲೇಶ್ವರ. ಅಪ್ಪ ಅಲ್ಲಿ ಹೊಲ ನೋಡಿಕೊಂಡಿದ್ದ. ನಾನೂ ಹೆಂಡತಿ ಶಾಂತವ್ವನೂ ಬಿಜಾಪುರದಲ್ಲಿ ಒಂದು ಖೋಲಿ ಹಿಡಿದಿದ್ದೆವು. ಮಿಲ್ಲಿನಲ್ಲಿ ನನ್ನ ಜೋಡಿ ಎಂದರೆ ಫಿಟ್ಟರ್ ದಸ್ತಗೀರ, ತಿಕೋಟಾದವನು. ನಮ್ಮಿಬ್ಬರ ಮೇಲೆ ಮುಕಾದಮ ಬಸಪ್ಪ ಕಾಕಾ. ಸ್ವಂತ ಕಾಕಾ ಅಲ್ಲ, ಆದರೆ ನನ್ನನ್ನು ಆ ಕೆಲಸಕ್ಕೆ ಹಚ್ಚಿದವನೇ ಅವನು.

ಯಂತ್ರದೊಳಗೆ ಕೆಲಸ ಮಾಡುವಾಗ ನಮ್ಮಲ್ಲೊಂದು ಪದ್ಧತಿ ಇತ್ತು. ಮೇನ್ ಸ್ವಿಚ್ಚಿನ ಹಿಡಿಕೆಯನ್ನು ಕೆಳಗೆಳೆದು, ಹೆಗಲ ಮೇಲಿನ ಟಾವೆಲು ತೆಗೆದು ಅದಕ್ಕೆ ಹಾಕುವುದು. ಹಿಡಿಕೆಗೆ ಟಾವೆಲು ಇದೆ ಎಂದರೆ ಒಳಗೆ ಮನುಷ್ಯ ಇದ್ದಾನೆ, ಯಾರೂ ಮುಟ್ಟಬಾರದು. ಅದನ್ನು ಯಾರೂ ಬರೆದಿಟ್ಟಿರಲಿಲ್ಲ, ಯಾರೂ ಮೀರಿಯೂ ಇರಲಿಲ್ಲ. ಯಾರ ಟಾವೆಲು ಯಾವುದು ಎಂದು ಹತ್ತಿ ಹೊರುವ ಹೆಣ್ಣುಮಕ್ಕಳಿಗೂ ಗೊತ್ತಿತ್ತು. ನನ್ನದು ಕೆಂಪಂಚಿನ ಬಿಳಿ ಟಾವೆಲು.

ಖಂಡೆ ಪೂಜೆಯ ದಿನ. ನಮ್ಮ ಕಡೆ ಆಯುಧಪೂಜೆಗೆ ಹಾಗನ್ನುತ್ತೇವೆ. ಹತ್ತಿಯ ಹಂಗಾಮು ಶುರುವಾಗುವ ಮೊದಲು ಯಂತ್ರ ತೊಳೆದು, ಹೂವು ಏರಿಸಿ, ಕಾಯಿ ಒಡೆದು, ಶಾಸ್ತ್ರಕ್ಕೆ ಒಂದು ಸುತ್ತು ಓಡಿಸುವುದು ವಾಡಿಕೆ. ಪೂಜೆ ಮಧ್ಯಾಹ್ನ ಎಂದಿದ್ದರು. ಮೋಟರಿನ ಒಂದು ಕಡೆ ವಾಯರು ಸಡಿಲಾಗಿ ಕಿಡಿ ಬರುತ್ತಿತ್ತು, ಅಷ್ಟರೊಳಗೆ ಬಿಗಿದುಬಿಡೋಣ ಎಂದು ನಾನು ಬೆಳಿಗ್ಗೆಯೇ ಹಿಡಿಕೆ ಇಳಿಸಿ, ಟಾವೆಲು ಹಾಕಿ, ಮೋಟರಿನ ಮನೆಯೊಳಗೆ ಹೋದೆ. ಸ್ವಿಚ್ಚು ಒಂದು ಕೋಣೆಯಲ್ಲಿ, ಮೋಟರು ಗೋಡೆಯ ಆಚೆ. ಪೂಜೆ ಮಾಡಿಸುವ ಐನಾರಿಗೆ ಬೇರೆ ಕಡೆಯೂ ಪೂಜೆ ಇದ್ದುದರಿಂದ ಅವರು ಮುಂಚೆಯೇ ಬಂದರು. ಅದು ನನಗೆ ತಿಳಿಯಲಿಲ್ಲ. ಗಂಟೆ ಕೇಳಿಸಿತು, ಕಾಯಿ ಒಡೆದ ಸದ್ದೂ ಕೇಳಿಸಿತು. ಹಿಡಿಕೆಗೆ ಟಾವೆಲಿದೆಯಲ್ಲ ಎಂದು ಪಾನಾ ಹಾಕಿ ನಟ್ಟು ತಿರುಗಿಸುತ್ತಲೇ ಇದ್ದೆ.

ಆಮೇಲಿನದು ನನಗೆ ನೆನಪಿಲ್ಲ, ದಸ್ತಗೀರ ಹೇಳಿದ್ದು. ನಾನು ಕೂಗಿದ್ದು ಮನುಷ್ಯರ ಕೂಗಿನಂತೆ ಇರಲಿಲ್ಲವಂತೆ. ಬಸಪ್ಪ ಕಾಕಾ ಹಿಡಿಕೆ ಎತ್ತಿದವನು ತಕ್ಷಣ ಇಳಿಸಿದ. ಅಷ್ಟರಲ್ಲಿ ಆಗಬಾರದ್ದು ಆಗಿತ್ತು. ನನಗೆ ಎಚ್ಚರವಾದಾಗ ಟಾಂಗಾದಲ್ಲಿ ದಸ್ತಗೀರನ ತೊಡೆಯ ಮೇಲೆ ತಲೆಯಿತ್ತು. ಏನೋ ಸುಟ್ಟ ವಾಸನೆ. ಯಾರ ಮನೆಯಲ್ಲೋ ಒಲೆಯ ಮೇಲೆ ಏನೋ ಸೀದಿದೆ ಅಂದುಕೊಂಡೆ.

ದವಾಖಾನೆಯಲ್ಲಿ ಮೊದಲ ದಿನ ನಾನು ಖುಷಿಯಾಗಿದ್ದೆ ಎಂದರೆ ನೀವು ನಂಬಲಿಕ್ಕಿಲ್ಲ. ಕೈ ನೋಯುತ್ತಲೇ ಇರಲಿಲ್ಲ. ಅಂಗೈಯಲ್ಲಿ ಒಂದು ಬೂದಿ ಬಣ್ಣದ ಕುಳಿ, ಬೆರಳುಗಳು ಮೇಣದಂತೆ ಬೆಳ್ಳಗೆ. ಪಕ್ಕದ ಮಂಚದವನು ಎಣ್ಣೆ ಬಿದ್ದು ಕಾಲು ಸುಟ್ಟುಕೊಂಡು ಒದ್ದಾಡುತ್ತಿದ್ದ. ಅವನನ್ನು ನೋಡಿ, ನಾನು ಸುಲಭದಲ್ಲಿ ಪಾರಾದೆ ಎಂದು ದೇವರಿಗೆ ಕೈ ಮುಗಿಯಲು ಹೋದೆ. ಎಡಗೈ ಬಂತು, ಬಲಗೈ ಬರಲಿಲ್ಲ. ಡಾಕ್ಟರು ಒಂದು ಸೂಜಿ ತೆಗೆದು ಬೆರಳ ತುದಿಗಳಿಗೆ ಚುಚ್ಚುತ್ತ ಹೋದರು. ನಾನು ಅವರ ಮುಖ ನೋಡುತ್ತಿದ್ದೆ. ನೋವಿಲ್ಲದಿರುವುದು ಒಳ್ಳೆಯ ಸುದ್ದಿಯಲ್ಲ ಎಂದು ಆಗ ತಿಳಿಯಿತು.

"ಕಾದು ನೋಡೋಣ" ಅಂದರು ಡಾಕ್ಟರು. ಒಳ್ಳೆಯ ಮನುಷ್ಯ, ಸುಳ್ಳು ಹೇಳಲಾರದವರು. ಅಪ್ಪ ಬಬಲೇಶ್ವರದಿಂದ ಬಂದವನೇ ಅವರ ಕಾಲ ಹತ್ತಿರ ಕುಂತುಬಿಟ್ಟ.

"ಡಾಕ್ಟರ ಸಾಹೇಬ್ರ, ಇಂವ ವಾಯರ್‌ಮನ್ ಅದಾನ್ರಿ. ಇಂವಗ ಕೈ ಬೇಕ್ರಿ."

"ಕೈ ಎಲ್ಲರಿಗೂ ಬೇಕಪ್ಪ. ಏಳು, ಮೇಲೆ ಕೂಡು."

"ಎಲ್ಲಾರಿಗೂ ಬೇಕು ಖರೆ. ಇಂವಗ ಬ್ಯಾರೆ ಏನೂ ಬರಂಗಿಲ್ರಿ."

ಅಪ್ಪ ಹೇಳಿದ್ದು ನಿಜವಾಗಿತ್ತು. ನನಗೆ ನೇಗಿಲು ಹಿಡಿಯಲು ಬರುತ್ತಿರಲಿಲ್ಲ, ಓದು ಹತ್ತಿರಲಿಲ್ಲ. ಆ ಬಲಗೈ ಒಂದೇ ನನ್ನ ವಿದ್ಯೆ. ಕಣ್ಣು ಮುಚ್ಚಿ ಮುಟ್ಟಿದರೆ ಯಾವ ವಾಯರು ಎಷ್ಟು ದಪ್ಪ ಎಂದು ಹೇಳುತ್ತಿದ್ದ ಕೈ ಅದು. ಅದು ಉಳಿಯುತ್ತದೋ ಹೋಗುತ್ತದೋ ಎಂಬುದರ ಹೊರತು ಆ ದಿನಗಳಲ್ಲಿ ನನಗೆ ಬೇರೆ ಯೋಚನೆಯೇ ಇರಲಿಲ್ಲ.

ಶಾಂತವ್ವ ತನ್ನದೇ ಒಂದು ಪರೀಕ್ಷೆ ಕಂಡುಕೊಂಡಳು. ದಿನಾ ಬೆಳಿಗ್ಗೆ ಡ್ರೆಸ್ಸಿಂಗಿಗೆ ಮುಂಚೆ ಮಂಚದ ಅಂಚಿಗೆ ಕುಂತು ನನಗೆ ಕಣ್ಣು ಮುಚ್ಚು ಎನ್ನುವಳು. ಬ್ಯಾಂಡೇಜಿನಿಂದ ಹೊರಗಿದ್ದ ಬೆರಳ ತುದಿಗಳಲ್ಲಿ ಒಂದನ್ನು ಮೆಲ್ಲಗೆ ಹಿಡಿದು, "ಯಾವ ಬೆರಳ್ರಿ?" ಎಂದು ಕೇಳುವಳು. ನನಗೆ ಏನೂ ಗೊತ್ತಾಗುತ್ತಿರಲಿಲ್ಲ. ಅವಳ ಉಸಿರು ಯಾವ ಕಡೆಯಿಂದ ಬರುತ್ತಿದೆ, ಬಳೆ ಎಲ್ಲಿ ಸದ್ದು ಮಾಡಿತು ಎಂದು ಅಂದಾಜಿನ ಮೇಲೆ ಹೇಳುತ್ತಿದ್ದೆ. ಕೆಲವು ಸಲ ಸರಿ ಹೋಗುತ್ತಿತ್ತು. ಸರಿ ಹೋದ ದಿನ ಅವಳು ವಾರ್ಡಿನ ಆಯಾಗೂ ಹೇಳಿಕೊಂಡು ಬರುತ್ತಿದ್ದಳು. ಆ ಆಯಾ ಪುಣ್ಯಾತ್ಮಳು, ಬೆರಳು ಕಪ್ಪಾಗುತ್ತಿರುವುದನ್ನು ನೋಡುತ್ತಲೇ "ಛಲೋ ಆತವ್ವಾ" ಎನ್ನುತ್ತಿದ್ದಳು. ನನ್ನ ತಲೆ ಬಾಚಿ, ಗಲ್ಲಕ್ಕೆ ಅಂಟಿದ ಗಂಜಿ ಒರೆಸಿ ಹೋಗುತ್ತಿದ್ದಳು. ಅವಳ ಋಣ ನನ್ನ ಮೇಲಿದೆ.

ಒಂದು ದಿನ ಶಾಂತವ್ವ ಎಂದಿನಂತೆ ಕೇಳಿದಳು, "ಯಾವ ಬೆರಳ್ರಿ?"

"ನಡುವಿನದು" ಅಂದೆ.

ಕಣ್ಣು ಬಿಟ್ಟೆ. ಅವಳ ಎರಡೂ ಕೈ ಅವಳ ಮಡಿಲಲ್ಲಿದ್ದವು. ಯಾವ ಬೆರಳನ್ನೂ ಹಿಡಿದಿರಲಿಲ್ಲ.

"ಇಷ್ಟ ದಿನಾನೂ ಹಿಂಗ ಹೇಳಿದ್ರೇನು?" ಅಂದಳು. ಬೈಯಲಿಲ್ಲ. ಸೆರಗು ಬಾಯಿಗೊತ್ತಿಕೊಂಡು ಎದ್ದು ಹೊರಗಿನ ಬಾಕಿನ ಮೇಲೆ ಹೋಗಿ ಕುಂತಳು. ಅಲ್ಲಿ ಚೀಟಿ ಹಿಡಿದು ಕಾಯುತ್ತಿದ್ದ ನಿಡೋಣಿಯ ಹೆಂಗಸೊಬ್ಬಳು ಅವಳ ಬೆನ್ನು ಸವರುತ್ತಿದ್ದುದು ನನಗೆ ಬಾಗಿಲಿನಿಂದ ಕಾಣುತ್ತಿತ್ತು. ಯಾರು, ಏನು ಎಂದು ಆಕೆ ಕೇಳಲೂ ಇಲ್ಲ. ಆವತ್ತಿನಿಂದ ಪರೀಕ್ಷೆ ನಿಂತಿತು.

ಬಸಪ್ಪ ಕಾಕಾ ಬಂದದ್ದು ಅದಾದ ಮರುದಿನ. ಗಡ್ಡ ಬಿಟ್ಟಿದ್ದ, ಅರ್ಧಕ್ಕರ್ಧ ಇಳಿದಿದ್ದ. ಕಂಕುಳಲ್ಲಿ ನನ್ನ ಕೆಂಪಂಚಿನ ಟಾವೆಲು. ಅವನ ಹೆಂಡತಿ ಅದನ್ನು ಒಗೆದು ಮಡಚಿ ಕೊಟ್ಟಿದ್ದಳು.

"ಹಿಡಿಕಿಗೆ ಟಾವೆಲು ಇರಲಿಲ್ಲೋ ಯಪ್ಪಾ. ನನ್ನ ಕಣ್ಣಾಣಿ, ಇರಲಿಲ್ಲ. ಹಾರ ಹಾಕಿತ್ತು, ಕುಂಕುಮ ಹಚ್ಚಿತ್ತು. ನೀ ಹೊರಗ ಬಂದಿ ಅಂತ ತಿಳದೆ. ಆಮ್ಯಾಲ ನೋಡಿದರ ಕಿಟಕ್ಯಾಗ ಮಡಿಚಿ ಇಟ್ಟಿತ್ತು. ಯಾರ ಇಟ್ಟಾರೋ ಗೊತ್ತಿಲ್ಲ."

ನಾನು ಮುಖ ತಿರುಗಿಸಿದೆ. ಅರ್ಧ ನಂಬಿದೆ, ಅರ್ಧ ನಂಬಲಿಲ್ಲ. ಮನುಷ್ಯ ಕಂಗೆಟ್ಟಾಗ ಯಾರನ್ನಾದರೂ ದ್ವೇಷ ಮಾಡಬೇಕು, ಇಲ್ಲದಿದ್ದರೆ ಉಸಿರು ಕಟ್ಟುತ್ತದೆ. ನನಗೆ ಆಗ ಸಿಕ್ಕವನು ಕಾಕಾ. ಅವನು ಟಾವೆಲನ್ನು ಮಂಚದ ಕಾಲ್ದೆಸೆಗಿಟ್ಟು ಹೋದ.

ಬೆರಳುಗಳು ಒಣಗಿ ಮುದುಡಿದವು. ವಾಸನೆ ಶುರುವಾಯಿತು. ಇನ್ನೂ ಕಾಯುತ್ತ ಕುಂತರೆ ವಿಷ ಮೇಲೇರಿ ಜೀವಕ್ಕೇ ಕುತ್ತು ಬರುತ್ತದೆ ಎಂದು ಡಾಕ್ಟರು ಅಪ್ಪನನ್ನು ಪಕ್ಕಕ್ಕೆ ಕರೆದು ಹೇಳಿದರು. ನಾನು ಅತ್ತೆ, ಕೂಗಾಡಿದೆ, ಕಡಿಯುವುದಾದರೆ ಕುತ್ತಿಗೆ ಕಡಿಯಿರಿ ಎಂದೆ. ಆಪರೇಷನ್ ಕೋಣೆಯ ಬಾಗಿಲಿನವರೆಗೂ ಶಾಂತವ್ವನ ಸೀರೆಯ ಅಂಚನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದೆ. ಬಿಡಿಸಿದವರು ಯಾರೆಂದು ಗೊತ್ತಿಲ್ಲ. ಮಣಿಕಟ್ಟಿನ ಮೇಲೆ ನಾಲ್ಕು ಬೆರಳಗಲ ಬಿಟ್ಟು ಕತ್ತರಿಸಿದರು.

ಕತ್ತರಿಸಿದ ಕೈಯನ್ನು ಅಪ್ಪ ಕೇಳಿ ಇಸಿದುಕೊಂಡ. ಕಾಲ್ದೆಸೆಯಲ್ಲಿದ್ದ ಆ ಟಾವೆಲಿನಲ್ಲಿ ಅದನ್ನು ಸುತ್ತಿದ. "ನಿನ್ನ ಹೊಕ್ಕಳಬಳ್ಳಿ ಹುಗದಾಂವ ನಾನ. ಇದನ್ನೂ ನಾನ ಹುಗೀತೀನಿ" ಎಂದು ಹೇಳಿ ಬಬಲೇಶ್ವರದ ಬಸ್ಸು ಹತ್ತಿದ. ಸಾರವಾಡ ದಾಟುವಾಗ ಕಂಡಕ್ಟರ್, ಗಂಟಿನಲ್ಲಿ ಏನೈತಿ ಮುತ್ಯಾ ಎಂದು ಕೇಳಿದನಂತೆ. "ನನ್ನ ಮಗಂದು" ಎಂದನಂತೆ ಅಪ್ಪ. ನಮ್ಮ ಹೊಲದ ಬದುವಿನಲ್ಲಿ ಹುಗಿದು, ಮೇಲೊಂದು ಕಲ್ಲಿಟ್ಟು, ಮಾರನೆಯ ದಿನ ದವಾಖಾನೆಗೆ ವಾಪಸು ಬಂದು ನನ್ನ ಪಕ್ಕ ಕುಂತ. ಅವನ ಉಗುರಿನಲ್ಲಿ ಇನ್ನೂ ನಮ್ಮ ಹೊಲದ ಕರಿಮಣ್ಣು ಇತ್ತು.

ಇನ್ನು ವಿಚಿತ್ರ ಕೇಳಿ. ಮೈಗೆ ಅಂಟಿಕೊಂಡಿದ್ದಾಗ ಸತ್ತಂತೆ ಬಿದ್ದಿದ್ದ ಬೆರಳುಗಳು ಮಣ್ಣಿಗೆ ಹೋದ ಮೇಲೆ ಉರಿಯತೊಡಗಿದವು. ಐದೂ ಬೆರಳು ಮುಷ್ಟಿ ಕಟ್ಟಿಕೊಂಡು ಬಿಚ್ಚಲಾರದೆ ಹಿಂಡುತ್ತಿದ್ದವು. ಇಲ್ಲದ ಕೈ ನೋಯುತ್ತದೆ ಎಂದು ಯಾರಿಗೆ ಹೇಳುವುದು? ಹೇಳಿದರೆ ತಲೆ ಕೆಟ್ಟಿದೆ ಎಂದಾರು ಎಂದು ಸುಮ್ಮನಿದ್ದೆ. ಕೊನೆಗೆ ಡಾಕ್ಟರೇ ಕೇಳಿದರು, ಕೈ ಇನ್ನೂ ಇದೆ ಅನಿಸುತ್ತದೆಯಾ ಎಂದು. ಬಹಳ ಜನರಿಗೆ ಹಾಗಾಗುತ್ತದೆ ಎಂದರು. ನನಗೆ ಆವತ್ತು ಅದಕ್ಕಿಂತ ದೊಡ್ಡ ಔಷಧ ಬೇರೆ ಇರಲಿಲ್ಲ. ನಿಮಗೂ ಹಾಗಾಗುತ್ತಿದ್ದರೆ ನಿಮ್ಮ ತಲೆ ಕೆಟ್ಟಿಲ್ಲ.

ಗಾಯ ಮಾಯಿತು, ಭಯ ಮಾಯಲಿಲ್ಲ. ಬಬಲೇಶ್ವರದ ಮನೆಗೆ ಬಂದಾಗ ನಾನು ಯಾವ ಕೆಲಸಕ್ಕೂ ಬಾರದವನಾಗಿದ್ದೆ. ಓಣಿಯ ಹಿಟ್ಟಿನ ಗಿರಣಿ ಶುರುವಾದರೆ ಮೈಯೆಲ್ಲ ಬೆವರು, ಬಾಯಿ ಒಣಗಿ, ಇದ್ದಲ್ಲೇ ನೆಲಕ್ಕೆ ಕುಂತುಬಿಡುತ್ತಿದ್ದೆ. ಸಂತೆಗೆ ಹೊರಟವರು ದಾಟಿಕೊಂಡು ಹೋಗುತ್ತಿದ್ದರು. ಗುಂಡಿ ಒತ್ತಿ ಒಂದು ದೀಪ ಹಚ್ಚಲೂ ನನ್ನಿಂದ ಆಗುತ್ತಿರಲಿಲ್ಲ. ಶಾಂತವ್ವ ತುತ್ತು ಮಾಡಿ ಉಣಿಸಿದರೆ ಸಿಟ್ಟು, ಉಣಿಸದಿದ್ದರೆ ದುಃಖ. ಬಾವಿಯ ಕಡೆ ಹೋದರೆ ಅವಳು ಕೊಡ ತಗೊಂಡು ಹಿಂದೆಯೇ ಬರುತ್ತಿದ್ದಳು, ಮನೆಯಲ್ಲಿ ನೀರು ತುಂಬಿದ್ದರೂ. ಯಾಕೆ ಬರುತ್ತಾಳೆ ಎಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಬೇಸಿಗೆಗೆ ಮುಂಚೆ ದಸ್ತಗೀರ ಬಂದ. ಆ ವರ್ಷಗಳಲ್ಲಿ ತಿಕೋಟಾ ಕಡೆ ಕೆಲವರು ಹೊಸದಾಗಿ ದ್ರಾಕ್ಷಿ ಬೆಳೆಯತೊಡಗಿದ್ದರು, ಒಂದು ಪುಟ್ಟಿ ದ್ರಾಕ್ಷಿ ತಂದಿದ್ದ. ಒಂದೊಂದೇ ಕಿತ್ತು ನನ್ನ ಎಡಗೈಗೆ ಕೊಡುತ್ತ ಮಿಲ್ಲಿನ ಸುದ್ದಿ ಹೇಳಿದ. ಹಂಗಾಮು ಜೋರಿದೆ, ಹೊಸ ವಾಯರ್‌ಮನ್ ನಿಲ್ಲುತ್ತಿಲ್ಲ, ಮೋಟರಿನ ಕೆಲಸಕ್ಕೂ ತಾನೇ ಒಳಗೆ ಹೋಗುತ್ತಿದ್ದೇನೆ ಎಂದ.

"ಹಿಡಿಕಿಗೆ ಏನ ಹಾಕ್ತೀ?" ಅಂದೆ.

"ಈಗ ಭಾಳ ಹುಷಾರ ಆಗೇವಿ ಗುರುಪಾದಣ್ಣಾ. ಎರಡ ಟಾವೆಲು ಹಾಕ್ತೇವಿ."

ನಾನು ನಕ್ಕೆ. ಕೈ ಹೋದ ಮೇಲೆ ಮೊದಲ ಸಲ ನಕ್ಕದ್ದು ಅದು, ಒಳ್ಳೆಯ ನಗುವಲ್ಲ. ಆಮೇಲೆ ಕೈಯಲ್ಲಿದ್ದ ದ್ರಾಕ್ಷಿಯನ್ನು ಪುಟ್ಟಿಗೆ ವಾಪಸು ಹಾಕಿದೆ. ದಸ್ತಗೀರನಿಗೂ ಎರಡು ಕೈ ಇದ್ದವು. ಮರುದಿನ ಅವನೊಟ್ಟಿಗೆ ನಾನೂ ಬಿಜಾಪುರದ ಬಸ್ಸು ಹತ್ತಿದೆ.

ಗೇಟಿನ ಕಂಬ ಹಿಡಿದುಕೊಂಡೇ ಮಿಲ್ಲಿನ ಒಳಗೆ ಕಾಲಿಟ್ಟೆ. ಯಂತ್ರ ನಿಂತಿತ್ತು, ದಸ್ತಗೀರ ಒಳಗೆ ಹೋದ, ಹಿಡಿಕೆಗೆ ಎರಡು ಟಾವೆಲು ಬಿದ್ದವು. ನಾನು ಸ್ವಿಚ್ಚಿಗೆ ಬೆನ್ನು ಕೊಟ್ಟು ಅಡ್ಡ ನಿಂತುಬಿಟ್ಟೆ. ಬಸಪ್ಪ ಕಾಕಾ ಬಂದ, ಮಿಲ್ಲಿನ ಮಾಲೀಕರಾದ ಸಾಹುಕಾರರು ಬಂದರು. ದಸ್ತಗೀರ ಹೊರಗೆ ಬರುವ ತನಕ ನಾನು ಅಲ್ಲಾಡಲಿಲ್ಲ. ಬಂದ ಮೇಲೆ ಹೇಳಿದೆ, "ನನಗ ಕೆಲಸಾ ಕೊಡ್ತಿದ್ರ ಒಂದ ಮಾತೈತ್ರಿ ಧಣೀ. ಹಿಡಿಕಿಗೆ ತೂತು ಹೊಡಸ್ರಿ, ಬೀಗ ಹಾಕಸ್ರಿ. ಒಳಗ ಹೋಗಾಂವ ತನ್ನ ಕೈಲೆ ಬೀಗ ಹಾಕಿ ಕೀಲಿ ಉಡದಾರಕ್ಕ ಕಟ್ಟಿಗೊಂಡು ಹೋಗಲಿ. ಇಬ್ಬರು ಹೋದರ ಎರಡ ಬೀಗ. ಎಲ್ಲಾರೂ ಹೊರಗ ಬಂದು ಬಿಚ್ಚೂತನಕ ಮೋಟರು ಚಾಲೂ ಆಗಬಾರದು."

ಸಾಹುಕಾರರು ಹುಬ್ಬು ಗಂಟಿಕ್ಕಿದರು. ಬಸಪ್ಪ ಕಾಕಾನ ಮುಖ ಕೆಂಪಾಯಿತು. "ಬೀಗ ಹಾಕೂದು ಕಳ್ಳರ ಸಲುವಾಗಿ. ನನ್ನ ಮ್ಯಾಲ ಭರೋಸಾ ಇಲ್ಲೇನು?" ಅಂದ.

"ಭರೋಸಾ ಇತ್ತಲ್ಲ ಕಾಕಾ. ಅದಕ್ಕ ಕೈ ಹೋತು."

ಅಷ್ಟರಲ್ಲಿ ಸಾಹುಕಾರರ ತಾಯಿ ಬಂದರು. ಮಿಲ್ಲಿನ ಹಿಂದೆಯೇ ಅವರ ಮನೆ. ನಾವೆಲ್ಲ ಅವರನ್ನು ಅವ್ವಾರು ಎನ್ನುತ್ತಿದ್ದೆವು. ಪೂಜೆ ಪುನಸ್ಕಾರ ಎಲ್ಲ ಅವರದೇ ಯಜಮಾನಿಕೆ. ನನ್ನ ಮೋಟು ಕೈಯನ್ನು ನೋಡುತ್ತ ನಿಂತರು.

"ಬಸಪ್ಪಗ ಏನೂ ಅನಬ್ಯಾಡ. ಆ ಟಾವೆಲು ತಗದಾಕಿ ನಾನು" ಅಂದರು. "ದೇವರ ಜಾಗಾ, ಹೊಲಸ ಅರಿವಿ ಇರಬಾರದಂತ ತಗದು, ಮಡಿಚಿ ಇಟ್ಟು, ಹಾರ ಹಾಕಿದೆ. ಇಷ್ಟ ದಿನಾ ಹೇಳಾಕ ಬಾಯಿ ಬರಲಿಲ್ಲ." ಮಗನ ಕಡೆ ತಿರುಗಿದರು. "ಬೀಗ ಹಾಕಸು. ಬೀಗ ಇದ್ದಿದ್ದರ ನನಗ ತಗಿಯಾಕ ಬರ್ತಿದ್ದಿಲ್ಲ."

ಬಸಪ್ಪ ಕಾಕಾ ಗೋಡೆಗೆ ಆತು ಕುಂತು ಅತ್ತ. ಅವನು ಹೇಳಿದ್ದೆಲ್ಲ ನಿಜವಾಗಿತ್ತು.

ಬೀಗ ಬಂತು. ನನ್ನ ಭಯಕ್ಕೆ ಯಾವ ದವಾಖಾನೆಯೂ ಕೊಡದ ಔಷಧ ಅದು. ನನ್ನನ್ನು ಆ ಬೀಗಗಳ ಉಸ್ತುವಾರಿಗೇ ಇಟ್ಟರು, ಜನ ಬೀಗದ ಗುರುಪಾದ ಎಂದು ಆಡಿಕೊಂಡರು. ಆಡಿಕೊಳ್ಳಲಿ. ಸ್ವಿಚ್ಚಿನ ಮುಂದೆ ರಬ್ಬರು ಹಾಸಿಸಿದೆ, ಅರ್ಥಿಂಗಿನ ಗುಂಡಿಗೆ ತಪ್ಪದೆ ನೀರು ಹಾಕಿಸಿದೆ. ಕರೆಂಟು ಹಿಡಿದವನನ್ನು ಕೈಯಿಂದ ಎಳೆಯಬೇಡಿ, ಮೊದಲು ಹಿಡಿಕೆ ಇಳಿಸಿ, ಆಗದಿದ್ದರೆ ಒಣ ಕಟ್ಟಿಗೆಯಿಂದ ಸರಿಸಿ ಎಂದು ಹತ್ತಿ ಹೊರುವ ಹೆಣ್ಣುಮಕ್ಕಳಿಗೆ ಹೇಳಿ ಹೇಳಿ ತಲೆ ತಿಂದೆ. ಯಾರಾದರೂ ಬೇಸರದ ಮುಖ ಮಾಡಿದರೆ ಮೋಟು ಕೈ ಎತ್ತಿ ತೋರಿಸುತ್ತಿದ್ದೆ. ಬೇರೆ ಭಾಷಣ ಬೇಕಾಗುತ್ತಿರಲಿಲ್ಲ. ಆದರೆ ಮೋಟರು ಶುರುವಾಗುವ ಹೊತ್ತಿಗೆ ಏನಾದರೂ ನೆಪ ಮಾಡಿ ಗೇಟಿನ ಹೊರಗೆ ಹೋಗಿಬಿಡುತ್ತಿದ್ದೆ. ಆ ಮೊದಲ ಗುಡುಗನ್ನು ತಡೆಯಲು ನನ್ನಿಂದ ಆಗುತ್ತಿರಲಿಲ್ಲ.

ಮತ್ತೆ ಖಂಡೆ ಪೂಜೆ ಬಂತು. ಶಾಂತವ್ವನೂ ಬಂದಿದ್ದಳು. ಐನಾರಿಗೆ ಎಂದಿನಂತೆ ಅವಸರ. ಅವ್ವಾರು ಕಾಯಿ ಒಡೆಸಿದರು, ಆದರೆ ಹಿಡಿಕೆ ಎತ್ತಿಸಲಿಲ್ಲ. "ತಡೀರಿ. ಎಲ್ಲಾರ ಕೈಗೂ ಪ್ರಸಾದ ಮುಟ್ಟಲಿ. ಕೊಬ್ಬರಿ ಮುಟ್ಟದ ಕೈ ಒಂದ ಉಳದ್ರೂ ಮೋಟರು ಚಾಲೂ ಇಲ್ಲ" ಅಂದರು. ದಸ್ತಗೀರ ಇನ್ನೂ ಒಳಗಿದ್ದ, ಅವನ ಬೀಗ ಹಿಡಿಕೆಯ ಮೇಲಿತ್ತು. ಮುಹೂರ್ತ ಮೀರುತ್ತದೆ ಎಂದು ಐನಾರು ಗೊಣಗಿದರು. ಮೀರಲಿ ಎಂದರು ಅವ್ವಾರು. ಅವನು ಕೈ ಒರೆಸಿಕೊಳ್ಳುತ್ತ ಬಂದು, ಸೊಂಟದ ಕೀಲಿ ಬಿಚ್ಚಿ, ಬೀಗ ತೆಗೆದು, ಕೊಬ್ಬರಿಗೆ ಕೈ ಚಾಚಿದ.

ಕೊನೆಗೆ ನನ್ನ ಸರದಿ. ನನಗೆ ಹೊರಗೆ ಓಡಬೇಕಾಗಿತ್ತು, ಜಾಗ ಇರಲಿಲ್ಲ. ಪ್ರಸಾದವನ್ನು ಎಡಗೈಯಲ್ಲಿ ತಗೊಳ್ಳಬಾರದು ಎಂದು ಹುಟ್ಟಿದಾಗಿನಿಂದ ಕಲಿತವನು ನಾನು. ಎಡಗೈ ಚಾಚಿದೆ, ನಾಚಿಕೆಯಾಗಿ ಹಿಂದಕ್ಕೆ ತಗೊಂಡೆ.

"ಬಲಗೈ ತಾ" ಅಂದರು ಅವ್ವಾರು.

ಮೋಟು ಕೈ ಮುಂದೆ ಮಾಡಿದೆ. ಅವರು ಅದರ ತುದಿಯ ಮೇಲೆ ಕೊಬ್ಬರಿಯ ಚೂರು ಇಟ್ಟು, ಬೀಳದಂತೆ ತಮ್ಮ ಎರಡೂ ಕೈಯಿಂದ ಸುತ್ತ ಮುಚ್ಚಿ ಹಿಡಿದರು. ಬಸಪ್ಪ ಕಾಕಾ ಹಿಡಿಕೆಯ ಹತ್ತಿರ ನಿಂತು ನನ್ನನ್ನೇ ನೋಡುತ್ತಿದ್ದ. ಅವ್ವಾರು ಹೇಳಿದರೂ ಅವನು ಎತ್ತಲಿಲ್ಲ.

"ಚಾಲೂ ಮಾಡ್ಲೇನೋ?" ಎಂದು ನನ್ನನ್ನು ಕೇಳಿದ.

"ಮಾಡು ಕಾಕಾ."

ಮೋಟರು ಗುಡುಗಿತು. ನನ್ನ ಮೈಯೆಲ್ಲ ಹಾರಿಬಿತ್ತು. ಅವ್ವಾರು ಬಿಡಲಿಲ್ಲ. ಹೊಲದ ಬದುವಿನಲ್ಲಿ ಮಣ್ಣಾದ ಬೆರಳುಗಳು ಮೊದಲ ಸಲ ಮುಷ್ಟಿ ಬಿಚ್ಚಿದವು, ಬಿಚ್ಚಿ ಆ ಕೊಬ್ಬರಿ ಚೂರನ್ನು ಹಿಡಿದವು. ಹೆಬ್ಬೆರಳು, ತೋರುಬೆರಳು, ನಡುವಿನದು, ಒಂದೊಂದೂ ಬೇರೆ ಬೇರೆಯಾಗಿ ಗೊತ್ತಾಯಿತು. ಹೆಣ್ಣುಮಕ್ಕಳ ಸಾಲಿನಲ್ಲಿ ನಿಂತಿದ್ದ ಶಾಂತವ್ವನ ಕಡೆ ನೋಡಿದೆ. ಆ ಹೊತ್ತಿನಲ್ಲಿ ಅವಳು ಬಂದು ಯಾವ ಬೆರಳ್ರಿ ಎಂದು ಕೇಳಿದ್ದರೆ, ನಾನು ಸುಳ್ಳು ಹೇಳಬೇಕಾಗಿರಲಿಲ್ಲ.